ಶುಂಠಿ ಜಜ್ಜಿದ ಉಕ್ಕಿನ ತುಂಡು

ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಚಹಾದ ಡಬ್ಬಿಯ ಪಕ್ಕದಲ್ಲಿ, ಕಳೆದ ವರ್ಷ ಸುಮಾರು ಎರಡು ತಿಂಗಳ ಕಾಲ ಒಂದು ಉಕ್ಕಿನ ತುಂಡು ವಾಸವಾಗಿತ್ತು. ಹೆಬ್ಬೆರಳಿನಷ್ಟು ದಪ್ಪ, ತೋರುಬೆರಳಿಗಿಂತ ತುಸು ಉದ್ದ, ಒಂದು ತುದಿ ಮೊಂಡು, ಇನ್ನೊಂದು ತುದಿ ಗುಂಡಗೆ. ಮೈಯಂತೂ ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ನುಣುಪು. ಬೆಳಗಿನ ಚಹಾಕ್ಕೆ ಶುಂಠಿ ಜಜ್ಜಲು ಇದಕ್ಕಿಂತ ಒಳ್ಳೆಯ ವಸ್ತುವನ್ನು ಭಗವಂತ ಸೃಷ್ಟಿಸಿಲ್ಲ ಎಂಬುದು ನನ್ನ ಹೆಂಡತಿ ಸುಮಿತ್ರೆಯ ತೀರ್ಮಾನವಾಗಿತ್ತು. ಅದು ಶುಂಠಿ ಜಜ್ಜಲು ಹುಟ್ಟಿದ್ದಲ್ಲ ಎಂದು ನಾನು ಒಂದೆರಡು ಸಲ ಹೇಳಿದೆ. ಯಾವುದಕ್ಕೆ ಹುಟ್ಟಿದರೋ ಅದೇ ಕೆಲಸವನ್ನು ಮಾಡಿಕೊಂಡಿರುವವರು ಈ ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಅವಳು ನನ್ನ ಕಡೆ ನೋಡಿದ ಮೇಲೆ ಸುಮ್ಮನಾದೆ.

ಅವಳು ಹಾಗೆ ನೋಡಿದ್ದಕ್ಕೆ ಕಾರಣವಿದೆ, ಮಿತ್ರರೇ. ನಾನು ಮೂವತ್ತು ವರ್ಷ ಕುಂದಾಪುರದ ಶಾಲೆಯೊಂದರಲ್ಲಿ ಲೆಕ್ಕದ ಮಾಷ್ಟ್ರಾಗಿದ್ದವನು. ರಜಾದಿನಗಳಲ್ಲಿ ಮದುವೆ ಹಾಲುಗಳ ವೇದಿಕೆಯ ಮೂಲೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು. ನಿವೃತ್ತಿಯಾದ ಮೇಲೆ ಲೆಕ್ಕ ಹೋಯಿತು, ಕೀಬೋರ್ಡ್ ಉಳಿಯಿತು. ಕೀಬೋರ್ಡ್ ನುಡಿಸುವವರಿಗೆ ಒಂದು ಬಗೆಯ ಜಂಬವಿರುತ್ತದೆ. ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದಕ್ಕೆ ಪಿಟೀಲು, ಮತ್ತೊಂದಕ್ಕೆ ಸಂತೂರ್. ಲೋಕದ ವಾದ್ಯಗಳೆಲ್ಲ ನಮ್ಮ ಬೆರಳ ತುದಿಯಲ್ಲಿ ಕೈಕಟ್ಟಿ ನಿಂತಿವೆ ಎಂದುಕೊಂಡಿರುತ್ತೇವೆ. ನನ್ನ ಆ ಜಂಬವನ್ನು ಒಂದೇ ಮಧ್ಯಾಹ್ನದಲ್ಲಿ ಇಳಿಸಿದವರು ಹಂಗಾರಕಟ್ಟೆಯ ಸಂಜೀವಣ್ಣ.

ಸಂಜೀವಣ್ಣ ದೋಣಿ ಕಟ್ಟುವ ಬಡಗಿ. ಹಂಗಾರಕಟ್ಟೆಯಲ್ಲಿ ಹೊಳೆ ಕಡಲಿಗೆ ಸೇರುವಲ್ಲಿ, ಮೀನುಗಾರಿಕೆಯ ದೋಣಿಗಳನ್ನು ದಡಕ್ಕೆಳೆದು ರಿಪೇರಿ ಮಾಡುವ ಜಾಗವೊಂದಿದೆ. ಮೀಸೆ ಚಿಗುರುವ ಮೊದಲೇ ಅಲ್ಲಿ ಸುತ್ತಿಗೆ ಹಿಡಿದವರು. ಮುಂಬಯಿಯ ಹೋಟೆಲೊಂದರ ಬ್ಯಾಂಡಿನಲ್ಲಿದ್ದ ಅವರ ಸೋದರಮಾವ ಕೊನೆಗಾಲದಲ್ಲಿ ಊರಿಗೆ ಬರುವಾಗ ಒಂದು ಉದ್ದನೆಯ ಪೆಟ್ಟಿಗೆ ತಂದರಂತೆ. ಅದರೊಳಗೆ ಇದ್ದದ್ದು ಪೆಡಲ್ ಸ್ಟೀಲ್ ಗಿಟಾರ್. ಗಿಟಾರ್ ಎಂದರೆ ಹೆಗಲಿಗೆ ನೇತುಹಾಕಿಕೊಳ್ಳುವುದು ಎಂದು ನೀವು ಅಂದುಕೊಂಡಿದ್ದರೆ, ಇದು ಹಾಗಲ್ಲ. ಇದು ನಾಲ್ಕು ಕಾಲಿನ ಮೇಲೆ ಮೇಜಿನಂತೆ ಮಲಗಿರುತ್ತದೆ. ಮೇಲೆ ಹತ್ತು ತಂತಿ, ಕೆಳಗೆ ಹೊಲಿಗೆ ಯಂತ್ರಕ್ಕಿರುವ ಹಾಗೆ ಪೆಡಲುಗಳು, ಸಾಲದ್ದಕ್ಕೆ ಮೊಣಕಾಲಿನಿಂದ ದೂಡಲು ಸನ್ನೆಗೋಲುಗಳು. ಬಲಗೈ ಮೀಟುತ್ತದೆ, ಎಡಗೈಯ ಉಕ್ಕಿನ ತುಂಡು ತಂತಿಗಳ ಮೇಲೆ ಜಾರುತ್ತದೆ, ಪಾದ ಒತ್ತಿದಾಗ ಒಂದೆರಡು ತಂತಿ ಮಾತ್ರ ಬಿಗಿಯಾಗಿ ಸ್ವರ ಮೇಲಕ್ಕೇರುತ್ತದೆ. ನುಡಿಸಲು ಕಲಿಸಿದ್ದ ಮಾವ ತೀರಿಕೊಂಡ ಮೇಲೆ ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದ ಅದರ ಕೀಲು, ಸರಳುಗಳನ್ನೆಲ್ಲ ಸಂಜೀವಣ್ಣ ದೋಣಿಯ ಕೆಲಸಕ್ಕೆ ಬಂದ ಸಾಮಾನುಗಳಿಂದಲೇ ಮತ್ತೆ ಮಾಡಿಕೊಂಡರು. ಕಳೆದುಹೋಗಿದ್ದ ಉಕ್ಕಿನ ತುಂಡಿಗೆ ಬದಲಾಗಿ, ಬೋಟಿನ ಪ್ರೊಪೆಲ್ಲರ್ ತಿರುಗಿಸುವ ಸರಳಿನ ತುಂಡೊಂದನ್ನು ಕತ್ತರಿಸಿ, ಉಜ್ಜಿ ಉಜ್ಜಿ ನುಣುಪು ಮಾಡಿದರು.

ಬ್ರಹ್ಮಾವರದ ವಿಲ್ಲಿ, ನಮ್ಮ ತಂಡದ ಡ್ರಮ್ಸ್ ವಾದಕ, ಸಂಜೀವಣ್ಣನನ್ನು ಮೊದಲ ಸಲ ಒಂದು ಮದುವೆಗೆ ಕರೆದುಕೊಂಡು ಬಂದ ದಿನ ಮದುಮಗನ ಕಡೆಯವರೊಬ್ಬರು ವೇದಿಕೆಯ ಹತ್ತಿರ ಬಂದು, ಇಲ್ಲಿ ಇಸ್ತ್ರಿ ಮೇಜು ಎಂತಕೆ ಇಟ್ಟದ್ದು ಎಂದು ವಿಚಾರಿಸಿದ್ದರು. ಸಂಜೀವಣ್ಣ ಕೂತು ಒಂದು ಸ್ವರ ಎಳೆದರು. ಹೊಳೆಯ ಆಚೆ ದಡದಿಂದ ಯಾರೋ ದೋಣಿಯವನನ್ನು ‘ಹ್ವಾ...ಯ್’ ಎಂದು ಕರೆದರೆ, ಆ ಕರೆ ನೀರ ಮೇಲೆ ಜಾರಿಕೊಂಡು ಬರುತ್ತಾ ಬರುತ್ತಾ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಬಾಗುತ್ತದಲ್ಲ, ಹಾಗಿತ್ತು ಅದು. ನನ್ನ ಕೀಬೋರ್ಡಿನ ಯಾವ ಗುಂಡಿಯೂ ಅದರ ಹತ್ತಿರ ಸುಳಿಯುವಂತಿರಲಿಲ್ಲ. ನನ್ನ ಸ್ವರಗಳು ಮೆಟ್ಟಿಲು ಹತ್ತಿ ಇಳಿಯುವಂಥವು, ಅವರದಕ್ಕೆ ಮೆಟ್ಟಿಲೇ ಇಲ್ಲ. ಊಟದ ಪಂಕ್ತಿಯ ಗಡಿಬಿಡಿಯಲ್ಲಿದ್ದ ಜನಕ್ಕೆ ಅದು ಕೇಳಿಸಿತೋ ಇಲ್ಲವೋ. ವೇದಿಕೆಯ ಮೇಲಿದ್ದ ನಾವು ಮಾತ್ರ ಅವತ್ತಿನಿಂದ ಅವರ ಭಕ್ತರಾದೆವು, ಆದರೆ ಹಾಗೆಂದು ಒಬ್ಬರೂ ಬಾಯಿ ಬಿಡಲಿಲ್ಲ.

ನಮ್ಮ ಸೀಮೆಯವರಿಗೆ ಹೊಗಳಿಕೆ ಎಂದರೆ ನಾಲಗೆಗೆ ಸಂಕೋಚ. ಮೃಷ್ಟಾನ್ನ ಭೋಜನ ಉಂಡು ಎದ್ದವನನ್ನು ಹೇಗಿತ್ತು ಎಂದು ಕೇಳಿದರೆ ‘ಅಡ್ಡಿಲ್ಲ’ ಎನ್ನುತ್ತಾನೆ. ಅದಕ್ಕಿಂತ ದೊಡ್ಡ ಬಿರುದು ನಮ್ಮಲ್ಲಿಲ್ಲ. ನಾನಂತೂ ನೂರಕ್ಕೆ ನೂರು ಬರೆದ ಮಕ್ಕಳ ಉತ್ತರಪತ್ರಿಕೆಯಲ್ಲೂ ಅಕ್ಷರ ದುಂಡಗಿಲ್ಲವೆಂದು ಅರ್ಧ ಅಂಕ ಕಳೆಯುತ್ತಿದ್ದ ಜಾತಿ. ಇನ್ನು ವಾದ್ಯಗಾರರು ಪರಸ್ಪರ ಹೊಗಳುವುದಂತೂ ಇನ್ನೂ ನಾಚಿಕೆಯ ವಿಷಯ. ಅದಕ್ಕೆ ನಮ್ಮ ತಂಡದಲ್ಲಿ ಬಾಯಿಯ ಖರ್ಚಿಲ್ಲದ ಒಂದು ಪದ್ಧತಿ ಬೆಳೆದುಬಂದಿತ್ತು. ಯಾರಾದರೂ ಎದೆ ತುಂಬಿ ಬರುವ ಹಾಗೆ ನುಡಿಸುತ್ತಿದ್ದರೆ ಉಳಿದವರು ಮೆಲ್ಲಗೆ ಒಬ್ಬೊಬ್ಬರಾಗಿ ತಮ್ಮ ವಾದ್ಯ ನಿಲ್ಲಿಸಿ, ಇಡೀ ವೇದಿಕೆಯನ್ನು ಅವರೊಬ್ಬರಿಗೇ ಬಿಟ್ಟುಕೊಡುವುದು. ನಾವು ಅದನ್ನು ಜಾಗ ಬಿಡುವುದು ಎನ್ನುತ್ತೇವೆ. ಅಷ್ಟು ವರ್ಷ ನುಡಿಸಿದರೂ ನನಗೆ ಯಾರೂ ಜಾಗ ಬಿಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಸಂಜೀವಣ್ಣನಿಗೆ ಜಾಗ ಬಿಟ್ಟದ್ದು ಸಾಸ್ತಾನದ ಒಂದು ಮದುವೆಯಲ್ಲಿ. ಹಾಡಿನ ಎರಡು ಚರಣಗಳ ನಡುವೆ ಅವರು ನುಡಿಸಲು ತೊಡಗಿದರು. ಅವತ್ತು ಅವರ ಕೈಗೆ ಏನಾಗಿತ್ತೋ, ಒಂದು ಸ್ವರ ಇನ್ನೊಂದಕ್ಕೆ ಕರಗಿ ಸೇರುವಾಗ ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ವಿಲ್ಲಿ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ತಬಲಾ ನಿಂತಿತು. ಬೇಸ್ ಗಿಟಾರಿನವನು ನಿಲ್ಲಿಸಿದ. ನಾನು ಕೀಬೋರ್ಡಿನಿಂದ ಕೈ ತೆಗೆದು ಕನ್ನಡಕ ಒರೆಸಿಕೊಂಡೆ, ಅದು ಮಸುಕಾಗಿತ್ತು. ಎರಡು ಕೈ, ಎರಡು ಪಾದ, ಎರಡು ಮೊಣಕಾಲಿಗೂ ಕೆಲಸವಿರುವ ಆ ವಾದ್ಯದ ಮುಂದೆ ತಲೆತಗ್ಗಿಸಿ ಕೂತಿದ್ದ ಸಂಜೀವಣ್ಣನಿಗೆ ನಮ್ಮ ಯಾರ ಮುಖವೂ ಕಾಣುತ್ತಿರಲಿಲ್ಲ, ನಾವು ನಿಲ್ಲಿಸಿದ್ದು ಕೇಳುತ್ತಿತ್ತು ಅಷ್ಟೆ. ಅರ್ಧ ನಿಮಿಷದೊಳಗೆ ಅವರು ಅವಸರದಲ್ಲಿ ಸ್ವರವನ್ನು ಕೆಳಗಿಳಿಸಿ ಮುಗಿಸಿಬಿಟ್ಟರು. ಎಂಥ ವಿನಯ ಎಂದುಕೊಂಡೆವು ನಾವು.

ಊಟವಾದ ಮೇಲೆ ಪೆಟ್ಟಿಗೆ ಕಟ್ಟುತ್ತಿದ್ದ ಸಂಜೀವಣ್ಣ ನನ್ನ ಹತ್ತಿರ ಬಂದು ಆ ಉಕ್ಕಿನ ತುಂಡನ್ನು ಕೈಯಲ್ಲಿಟ್ಟರು.

“ಮಾಷ್ಟ್ರೇ, ಇದ್ ನಿಮ್ಮ್ ಹತ್ರ ಇರ್ಲಿ. ಫ್ಯಾನಿನ ಗಾಳಿಗೆ ನಿಮ್ಮ ಹಾಡಿನ ಕಾಗ್ದ ಹಾರುದಿಲ್ಯಾ, ಅದ್ರ್ ಮೇಲೆ ಇಟ್ಕಣಿ.”

“ನಿಮ್ಗೆ ಬೇಡ್ದಾ?”

“ನಂಗಿನ್ನ್ ಎಂತಕೆ?”

ಹೊಸದೊಂದು ಮಾಡಿಕೊಂಡಿರಬೇಕು ಎಂದು ನಾನು ಖುಷಿಯಿಂದ ಜೇಬಿಗೆ ಹಾಕಿಕೊಂಡೆ. ಲೆಕ್ಕದ ಮಾಷ್ಟ್ರಾದ ನನಗೆ ಅಷ್ಟು ಸಣ್ಣ ಲೆಕ್ಕ ಹೊಳೆಯಲಿಲ್ಲ. ಮನೆಗೆ ತಂದ ಮೂರನೆಯ ದಿನ ಅದು ಸುಮಿತ್ರೆಯ ಕೈಗೆ ಸಿಕ್ಕಿತು.

ಮುಂದಿನ ಕಾರ್ಯಕ್ರಮಕ್ಕೆ ಸಂಜೀವಣ್ಣ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಮಾಡಿದರೆ “ದೋಣಿ ಕೆಲ್ಸ ರಾಶಿ ಇತ್” ಎನ್ನುವುದು. ನಮಗೂ ಮುನಿಸು ಬಂತು. ಅವರಿಗೆ ಬೇರೆ ದೊಡ್ಡ ತಂಡ ಸಿಕ್ಕಿರಬೇಕು ಎಂದ ವಿಲ್ಲಿ. ನಾನು ಹೌದೆಂದು ತಲೆಯಾಡಿಸಿ, ಅಷ್ಟು ಗೌರವ ಕೊಟ್ಟದ್ದೇ ಹೆಚ್ಚಾಯಿತು ಎಂದು ಸೇರಿಸಿದೆ. ಆದರೆ ಅವರಿಲ್ಲದೆ ಹಾಡುಗಳು ಬೋಳುಬೋಳಾಗಿದ್ದವು. ಅವರ ಜಾಗದಲ್ಲಿ ನಾನು ಕೀಬೋರ್ಡಿನ ಗುಂಡಿ ಒತ್ತಿ ಏನೋ ನುಡಿಸುತ್ತಿದ್ದೆ, ಮತ್ತು ಪ್ರತಿಸಲ ನನಗೇ ನಾಚಿಕೆಯಾಗುತ್ತಿತ್ತು. ಕೊನೆಗೊಂದು ದಿನ ತಡೆಯಲಾರದೆ ವಿಲ್ಲಿಯ ಸ್ಕೂಟರಿನ ಹಿಂದೆ ಕೂತು ಹಂಗಾರಕಟ್ಟೆಗೆ ಹೊರಟೆ.

ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಗಿಟಾರಿನ ಕಾಲುಗಳು. ಮರಳಿನಲ್ಲಿ ಅವುಗಳನ್ನು ನೆಟ್ಟು, ಮೇಲೊಂದು ಹಲಗೆ ಹಾಸಿ, ಅದರ ಮೇಲೆ ಉಳಿ, ಮೊಳೆಯ ಡಬ್ಬಿ, ಚಹಾದ ಕೆಟ್ಲು ಇಟ್ಟಿದ್ದರು. ವಾದ್ಯದ ಮೈಯನ್ನು ಗೋಣಿಯಲ್ಲಿ ಸುತ್ತಿ ಶೆಡ್ಡಿನ ಗೋಡೆಗೆ ಒರಗಿಸಿದ್ದರು. ದೋಣಿಯ ಪಕ್ಕದಲ್ಲಿ ಐದಾರು ಜನ ಸಾಲಾಗಿ ನಿಂತು ನೀರು ಒಳನುಗ್ಗದಂತೆ ಹಲಗೆಗಳ ಸಂದಿಗೆ ಹತ್ತಿನೂಲು ತುರುಕಿ ಸುತ್ತಿಗೆಯಿಂದ ಬಡಿಯುತ್ತಿದ್ದರು, ಸಂಜೀವಣ್ಣನೂ ಅವರ ನಡುವೆ ಇದ್ದರು.

“ಹ್ವಾಯ್, ಮಾಷ್ಟ್ರ್ ಬಂದ್ರ್! ಬನಿ, ಬನಿ,” ಎಂದರು ಬಡಿಯುವುದನ್ನು ಬಿಡದೆ.

“ಗಿಟಾರಿಗೆ ಎಂತ ಮಾಡಿದ್ರಿ ಮಾರಾಯ್ರೆ?” ಎಂದೆ.

“ಕಾಲ್ ಬಿಚ್ಚಿ ಆಯ್ತ್. ಉಳ್ದದ್ದ್ ನಾಳೆ ಬಿಚ್ಚುದ್. ಸರಳೆಲ್ಲ ಗಟ್ಟಿ ಇತ್, ದೋಣಿ ಕೆಲ್ಸಕ್ಕೆ ಆತ್ತ್.”

ಆ ಕೈ, ಆ ಸ್ವರ, ನಾಳೆಗೆ ಮುಗಿಯುತ್ತದೆಯೇ? ಅಷ್ಟರಲ್ಲಿ ಉಳಿದ ಬಡಗಿಗಳು, ಆರ್ಕೆಸ್ಟ್ರಾದವರು ಏನು ಹೇಳುತ್ತಾರೋ ಕೇಳೋಣವೆಂಬ ಕುತೂಹಲಕ್ಕೆ, ಒಬ್ಬೊಬ್ಬರಾಗಿ ಸುತ್ತಿಗೆ ಕೆಳಗಿಟ್ಟರು. ಕೊನೆಗೆ ಸಂಜೀವಣ್ಣನದೊಂದೇ ಸುತ್ತಿಗೆ ಟಕ್ ಟಕ್ ಎನ್ನುತ್ತಿತ್ತು. ಒಮ್ಮೆಲೇ ಅದೂ ನಿಂತಿತು. ಅವರ ಮುಖ ಸಣ್ಣದಾಗಿತ್ತು. ಹಲಗೆಯ ಸಂದಿಯುದ್ದಕ್ಕೂ ಹೆಬ್ಬೆರಳು ಓಡಿಸುತ್ತಾ, “ಎಲ್ಲಿ? ಎಲ್ಲಿ ತಪ್ಪಿತ್?” ಎಂದರು.

ಪಕ್ಕದಲ್ಲಿದ್ದ ಮುದುಕ ಬಡಗಿಯೊಬ್ಬರು ನಕ್ಕುಬಿಟ್ಟರು. “ಎಂತದೂ ತಪ್ಪಲಿಲ್ಲ ಮಾರಾಯ, ನಾವ್ ಇವ್ರ್ ಪಟ್ಟಾಂಗ ಕೇಂಬುಕೆ ನಿಲ್ಸದ್ದ್.” ಆಮೇಲೆ ನಮ್ಮ ಕಡೆ ತಿರುಗಿ, “ನಮ್ಮಲ್ಲಿ ಯಾರಿಗೂ ಬೈಯ್ಯು ಕ್ರಮ ಇಲ್ಲ ಕಾಣಿ. ಒಬ್ಬ ತಪ್ಪ್ ಹೊಡ್ದ್ರೆ ಬದಿಯವ್ರ್ ಎಲ್ಲ ಸುತ್ತಿಗಿ ನಿಲ್ಸುದ್. ಕಡಿಗೆ ಯಾರ್ದ್ ಒಬ್ಬಂದೇ ಸದ್ದ್ ಕೇಂತೋ, ತಪ್ಪ್ ಅವಂದೇ,” ಎಂದರು.

ನಾನೂ ವಿಲ್ಲಿಯೂ ಮುಖ ಮುಖ ನೋಡಿಕೊಂಡೆವು. ನಾನು ಅವರ ಹತ್ತಿರ ಹೋಗಿ ಕೇಳಿದೆ.

“ಸಂಜೀವಣ್ಣ, ಸಾಸ್ತಾನದಗೆ ನಾವ್ ನಿಲ್ಸದ್ದಕ್ಕಾ ನೀವ್ ಬಪ್ಪುದ್ ಬಿಟ್ಟದ್ದ್?”

ಅವರು ನೆಲ ನೋಡುತ್ತಾ ಹೇಳಿದರು: “ನಾಕ್ ಜನ ನಿಲ್ಸಿದ್ರಿ. ಅಷ್ಟ್ ಜನ ನಿಲ್ಸುದಂದ್ರೆ ಸಣ್ಣ ತಪ್ಪಲ್ಲ ಅಂದೇಳಿ ಗೊತ್ತಾಯ್ತ್. ಎಲ್ಲಿ ತಪ್ಪದ್ದ್ ಅಂದೇಳಿ ಮಾತ್ರ ಇವತ್ತಿಗೂ ಗೊತ್ತಾಯ್ಲಿಲ್ಲ. ಎಷ್ಟ್ ಸಲ ಮನ್ಸಲ್ಲೇ ಬಾರ್ಸಿ ಕಂಡೆ.”

“ನಿಮ್ಮದ್ ಕೇಂಬುಕೆ ನಿಲ್ಸದ್ದ್ ಮಾರಾಯ್ರೆ!” ವಿಲ್ಲಿ ಕೂಗಿಯೇಬಿಟ್ಟ. “ನಾನ್ ಅವತ್ತ್ ಕಣ್ಣ್ ಮುಚ್ಕಂಡ್ ಕೂತಿದ್ದೆ, ಗೊತ್ತಿತ್ತಾ ನಿಮ್ಗೆ?”

ನನ್ನ ನಾಲಗೆಯ ತುದಿಗೆ ಅಭ್ಯಾಸಬಲದಿಂದ ‘ಅಡ್ಡಿಲ್ಲ’ ಬಂದು ನಿಂತಿತ್ತು. ಅದನ್ನು ನುಂಗಿದೆ. “ಸಂಜೀವಣ್ಣ, ನಿಮ್ಮಷ್ಟ್ ಚಂದ ಬಾರ್ಸುವವ್ರನ್ನ ನಾನ್ ಹುಟ್ಟಿದ್ಮೇಲೆ ಕಂಡದ್ದಿಲ್ಲ,” ಎಂದೆ. ಆರು ಜನ ಬಡಗಿಗಳ ಎದುರಿಗೆ, ಅರವತ್ತು ದಾಟಿದ ಮೇಲೆ, ಜೀವಮಾನದಲ್ಲಿ ಮೊದಲ ಸಲ ಅರ್ಧ ಅಂಕ ಕಳೆಯದೆ ಹೇಳಿದ ಮಾತು ಅದು. ಹೇಳಿದ ಮೇಲೆ ಎದೆ ಹಗುರಾಯಿತು.

ಸಂಜೀವಣ್ಣ ಸುತ್ತಿಗೆಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಹಾಂಗಾರೆ ಅವತ್ತೇ ಒಂದ್ ಮಾತ್ ಹೇಳುಕೆ ನಿಮ್ಗೆ ಎಂತ ಆಯಿತ್ ಮಾಷ್ಟ್ರೇ?”

ನಾನು ಬಗ್ಗಿ, ಮರಳಿಗೆ ಬಿದ್ದಿದ್ದ ಮೊಳೆಯೊಂದನ್ನು ಹೆಕ್ಕಿ ಡಬ್ಬಿಗೆ ಹಾಕಿದೆ.

“ಬತ್ತೆ, ಬಾರ್ಸುಕೆ ಬತ್ತೆ,” ಎಂದರು ಸಂಜೀವಣ್ಣ ಕಡೆಗೆ. “ಆರೆ ಒಂದ್ ಶರ್ತ. ನಾನ್ ಬಾರ್ಸುವಾಗ ಯಾರೂ ನಿಲ್ಸುಕಾಗ. ನಂಗೆ ಹೆದ್ರಿಕಿ ಆತ್ತ್.” ಹಾಗೆಂದು ಗಿಟಾರಿನ ಕಾಲುಗಳ ಮೇಲಿನ ಹಲಗೆಯಿಂದ ಕೆಟ್ಲನ್ನು ತಾವೇ ಎತ್ತಿ ಕೆಳಗಿಟ್ಟರು.

ಮರುದಿನ ಉಕ್ಕಿನ ತುಂಡನ್ನು ಸೋಪು ಹಾಕಿ ತೊಳೆದು ತೆಗೆದುಕೊಂಡು ಹೋಗಿ ಕೊಟ್ಟೆ. ಅವರು ಮೂಗಿನ ಹತ್ತಿರ ಹಿಡಿದು, “ಎಂತ ವಾಸ್ನಿ ಇದ್?” ಎಂದರು. ಶುಂಠಿಯ ಸಂಗತಿಯನ್ನು ಒಪ್ಪಿಕೊಳ್ಳಬೇಕಾಯಿತು. ಸಂಜೀವಣ್ಣ ಗಟ್ಟಿಯಾಗಿ ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಬೈಂದೂರಿನ ಒಂದು ಮದುವೆಯಲ್ಲಿ ಅವರು ಮತ್ತೆ ನಮ್ಮ ಜೊತೆ ಕೂತರು. ಅದೇ ಹಾಡು, ಅದೇ ಚರಣಗಳ ನಡುವಿನ ಜಾಗ. ಸ್ವರ ಕರಗಲು ಶುರುವಾದಾಗ ನನ್ನ ಕೈ ತಾನಾಗಿ ಮೇಲೇಳಲು ನೋಡಿತು, ಗದರಿಸಿ ಕೂರಿಸಿದೆ. ಅವರ ಕೆಳಗೆ ಎರಡೇ ಎರಡು ಸ್ವರಗಳನ್ನು ಮೆತ್ತಗೆ ಹಿಡಿದುಕೊಂಡಿದ್ದೆ, ವಿಲ್ಲಿ ಕೋಲಿನ ತುದಿಯಿಂದ ಸವರಿದಷ್ಟೇ ಸದ್ದು ಮಾಡುತ್ತಿದ್ದ. ಆಗ ನನಗನ್ನಿಸಿತು, ಮಿತ್ರರೇ, ಇಷ್ಟು ವರ್ಷ ನಾವು ದೊಡ್ಡ ಗೌರವವೆಂದು ತಿಳಿದು ಮಾಡುತ್ತಿದ್ದುದು ಬಹಳ ಸುಲಭದ ಕೆಲಸ. ಕೈ ಕಟ್ಟಿ ಕೂತು ಬೆರಗಾಗುವುದರಲ್ಲಿ ಸುಖವೆಲ್ಲ ನಮ್ಮದೇ; ನುಡಿಸುವವರು ಮಾತ್ರ ನಡುನೀರಿನಲ್ಲಿ ಒಬ್ಬರೇ. ಬೆರಗಾಗುತ್ತಲೇ ಕೈ ಕೆಲಸ ಬಿಡದಿರುವುದು ಕಷ್ಟ. ನನ್ನ ಕನ್ನಡಕ ಮತ್ತೆ ಮಸುಕಾಯಿತು, ಒರೆಸಲು ಕೈಗೆ ಬಿಡುವಿರಲಿಲ್ಲ, ಹಾಗಾಗಿ ಒಂದೆರಡು ಕಡೆ ತಪ್ಪು ನುಡಿಸಿದೆ. ಸಂಜೀವಣ್ಣ ತಲೆ ಎತ್ತದೆಯೇ ಮುಂದೆ ಹೋದರು, ಸಾಸ್ತಾನದಲ್ಲಿ ನಿಲ್ಲಿಸಿದ್ದ ಜಾಗವನ್ನು ದಾಟಿ ಎಷ್ಟೋ ದೂರ ಹೋದರು. ಮುಗಿದ ಮೇಲೆ, “ಹ್ಯಾಂಗಾಯ್ತ್?” ಎಂದು ಅವರೇ ಕೇಳಿದರು. “ಭಾರಿ ಚಂದ,” ಎಂದೆವು ಎಲ್ಲರೂ.

ಸುಮಿತ್ರೆಗೆಂದು ಅವರು ಅದೇ ಸರಳಿನಿಂದ ಇನ್ನೊಂದು ತುಂಡು ಕತ್ತರಿಸಿ ಕಳಿಸಿದ್ದಾರೆ. ಮೊನ್ನೆ ಬೆಳಿಗ್ಗೆ ಅವಳು ಒಳಗೆ ಶುಂಠಿ ಜಜ್ಜುತ್ತಿದ್ದಳು. ನಾನು ಹೊರಗೆ ಪೇಪರ್ ಹಿಡಿದು ಕೂತಿದ್ದೆ. ಮದುವೆಯಾದಂದಿನಿಂದ ನಾನು ಈ ಚಹಾ ಕುಡಿಯುತ್ತಾ, ಕೊನೆಯ ಗುಟುಕಿಗೆ ಪೇಪರ್ ಕೆಳಗಿಟ್ಟು ಸುಮ್ಮನೆ ಕೂರುತ್ತೇನೆ. ಅದು ನನ್ನ ಮೆಚ್ಚುಗೆ. ಆ ಮೌನವನ್ನು ಅವಳು ಇಷ್ಟು ವರ್ಷ ಏನೆಂದು ತಿಳಿದಿರಬಹುದು ಎಂಬ ಯೋಚನೆ ಬಂದು ಸಣ್ಣಗೆ ಬೆವರಿದೆ.

“ಸುಮಿತ್ರಾ, ನೀನ್ ಮಾಡು ಚಾ ಭಾರಿ ಚಂದ ಆತ್ತ್,” ಎಂದು ಕೂತಲ್ಲಿಂದಲೇ ಕೂಗಿ ಹೇಳಿದೆ.

ಒಳಗೆ ಜಜ್ಜುವ ಸದ್ದು ನಿಂತಿತು. ನಾನು ಪೇಪರಿನ ಮೇಲಿಂದ ಬಾಗಿಲ ಕಡೆ ಇಣುಕಿದೆ. ಸ್ವಲ್ಪ ಹೊತ್ತಿಗೆ ಅದು ಮತ್ತೆ ಶುರುವಾಯಿತು, ಮೊದಲಿಗಿಂತ ಚುರುಕಾಗಿ. ಅವತ್ತಿನ ಚಹಾದಲ್ಲಿ ಶುಂಠಿ ದುಪ್ಪಟ್ಟಿತ್ತು.