ತಿದಿ ಹರಿದ ಬೆಳಿಗ್ಗೆ

ಎರಡನೆಯ ಮಹಾಯುದ್ಧದ ಮೂರನೆಯ ಬೇಸಿಗೆಯ ಒಂದು ಬೆಳಿಗ್ಗೆ, ಹಾಸನದ ನಮ್ಮ ಚರ್ಚಿನಲ್ಲಿ, ನಾನು ಆರ್ಗನ್ನಿನ ಎಡಕ್ಕೆ ಹಾಡುವವರ ಸಾಲಿನ ತುದಿಯಲ್ಲಿ ನಿಂತಿದ್ದೆ. ಅಲ್ಲಿಂದ, ಊರೆಲ್ಲ ಆರ್ಗನ್ ಅಮ್ಮ ಎಂದೇ ಕರೆಯುತ್ತಿದ್ದ ನಮ್ಮ ವಾದಕಿಯ ಬರಿಗಾಲುಗಳು ಚೆನ್ನಾಗಿ ಕಾಣುತ್ತಿದ್ದವು. ಎಲುಬೆದ್ದ, ಹಿಮ್ಮಡಿ ಒಡೆದ ಪಾದಗಳು ಕಾಲಿನಿಂದ ಒತ್ತಿ ನುಡಿಸುವ ಕೆಳಗಿನ ಮರದ ಪಟ್ಟಿಗಳ ಮೇಲೆ, ಅವರು ಬಗ್ಗಿ ನೋಡದೆಯೇ, ಸರಿದಾಡುತ್ತಿದ್ದವು.

ಹೊಳೆನರಸೀಪುರದಿಂದ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದವರು ಅವರು. ನಮ್ಮ ಚರ್ಚಿನ ಮೊದಲ ಆರ್ಗನ್ನು ಯಾರೋ ಕಾಫಿ ತೋಟದ ಬಿಳಿ ದೊರೆಯ ಬಂಗಲೆಯಿಂದ ಎತ್ತಿನ ಗಾಡಿಯಲ್ಲಿ ಬಂದದ್ದು. ಅದರ ಮರದ ಕೊಳವೆಗಳನ್ನು ಗೆದ್ದಲು ತಿಂದಿತು. ಉಳಿದ ತವರದ ಕೊಳವೆಗಳನ್ನು ಆಮೇಲೆ ತಂದ ಎರಡನೆಯ ಆರ್ಗನ್ನಿಗೆ ಸೇರಿಸಿದರು. ಎರಡನ್ನೂ ನುಡಿಸಿದವರು ಅಮ್ಮನೊಬ್ಬರೇ. "ಹಳೇವು ಅತ್ತೇರು, ಹೊಸವು ಸೊಸೇರು ಕಣಪ್ಪ. ಶ್ರುತಿ ಸೇರಲ್ಲ, ಆದ್ರೂ ಒಂದೇ ಮನೇಲಿರ್ಬೇಕು" ಎನ್ನುತ್ತಿದ್ದರು.

ಆರ್ಗನ್ನಿಗೆ ಗಾಳಿ ತುಂಬುವ ತಿದಿ ಒತ್ತುತ್ತಿದ್ದವನು ಬಾಗೂರಿನ ಕಡೆಯವನು. ಪ್ರತಿ ಭಾನುವಾರ, "ಅಮ್ಮಾರೆ, ಕೊಳಾಯಿ ಬಿಡ್ಲಾ?" ಎಂದು ಕೇಳುತ್ತಿದ್ದ. "ಬಿಡು ಕಣ್ಲಾ, ನೆಲ ನೆನೀದಂಗೆ ಬಿಡು" ಎಂದು ಅಮ್ಮ ಹೇಳಬೇಕು. ಗಾಳಿಯನ್ನು ಕೊಳಾಯಿ ನೀರು ಮಾಡಿಕೊಂಡ ಅವರಿಬ್ಬರ ಆಟ ಅದು. ಆ ವರ್ಷ ಅವನು ಕೇಳಿದರೂ ಉತ್ತರ ಬರುತ್ತಿರಲಿಲ್ಲ. ಅವನು ನನ್ನತ್ತ ಒಮ್ಮೆ ನೋಡಿ, ಸುಮ್ಮನೆ ಒತ್ತತೊಡಗುತ್ತಿದ್ದ. ಅಮ್ಮನಿಗೆ ಕಿವಿ ಹೋಗಿದೆ, ಅವರನ್ನು ಆರ್ಗನ್ನಿನಿಂದ ಬಿಡಿಸಬೇಕು ಎಂಬ ಪಿಸುಮಾತು ಸಭೆಯ ಹಿರಿಯರಲ್ಲಿ ಆಗಲೇ ಎದ್ದಿತ್ತು. ಆರ್ಗನ್ನಿನ ಮುಂದಿನ ಆ ಪೀಠ ಬಿಟ್ಟರೆ ಅಮ್ಮನಿಗೆ ತನ್ನದೆನ್ನುವಂಥದು ಬೇರೇನೂ ಇರಲಿಲ್ಲ.

ಅಂದು ನನ್ನ ತಂಗಿಯ ಮದುವೆ. ಕೀರ್ತನೆಯ ಎರಡನೆಯ ಚರಣದಲ್ಲಿ ತಿದಿಯ ಚರ್ಮ ಹರಿಯಿತು. ದನಿ ನರಳಿ, ಇಳಿದು, ನಿಂತೇ ಹೋಯಿತು. ತಿದಿಯವನು ಹಿಡಿ ಹಿಡಿದು ಹಾಗೇ ನಿಂತ. ಅಮ್ಮನ ಬೆರಳು ಮಾತ್ರ ನಿಲ್ಲಲಿಲ್ಲ. ಸದ್ದಿಲ್ಲದ ಸ್ವರದ ಮನೆಗಳ ಮೇಲೆ ಅವು ಓಡುತ್ತಲೇ ಇದ್ದವು. ಹಿರಿಯರು ಕತ್ತು ಚಾಚಿ ನೋಡಿದರು. ಆಗ ಮದುಮಗಳು ತಲೆಯೆತ್ತಿ ಜೋರಾಗಿ ಹಾಡಿದಳು. ತಗ್ಗಿದ್ದ ನಮ್ಮ ದನಿಗಳೂ ಅವಳ ಹಿಂದೆ ಏರಿದವು. ಕಡೆಯ ಸಾಲು ಮುಗಿದಾಗಲೇ ಅಮ್ಮ ಕೈ ಎತ್ತಿದ್ದು.

ಆರ್ಗನ್ ನಿಂತದ್ದೂ ಅವರಿಗೆ ಕೇಳಿಸಲಿಲ್ಲ, ಇನ್ನು ನುಡಿಸುವುದು ಬೇಡವೆಂದು ಹಿರಿಯರು ತೀರ್ಮಾನಿಸಿದರು. ಅದನ್ನು ತಿಳಿಸುವ ಕೆಲಸ ನನಗೆ ಬಂತು. ಅವರ ಬೀದಿಗೆ ಹೋಗುವುದು, ಬಾಗಿಲು ನೋಡಿ ಹಿಂತಿರುಗುವುದು, ಇದೇ ಆಯಿತು. ಕೊನೆಗೊಂದು ಸಂಜೆ ಅವರೇ ಕಂಡು ಒಳಗೆ ಕರೆದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

"ನೀ ಏನೂ ಹೇಳ್ಬ್ಯಾಡ, ಕೂತ್ಕೋ. ಗಾಳಿ ನಿಂತಿದ್ದು ನಂಗೆ ಗೊತ್ತಾಯ್ತು ಕಣಪ್ಪ, ಕಾಲಡಿ ಹಲಗೆ ನಡುಗೋದೇ ನಿಂತೋಯ್ತು. ಆರ್ಗನ್ ಮೇಲ್ಗಡೆ ಕಟ್ಟಿರೋ ಕನ್ನಡೀಲಿ ನೋಡಿದ್ರೆ ನೀವೆಲ್ಲ ಬಾಯಿ ಆಡಿಸ್ತಾನೇ ಇದ್ರಿ. ನಾನು ಕೈ ತೆಗೆದಿದ್ರೆ ನೀವೂ ನಿಲ್ಲಿಸಿಬಿಡ್ತಿದ್ರಿ, ನಿನ್ ತಂಗಿ ದನಿ ಒಡೆದೋಗ್ತಿತ್ತು, ಮಗು ಅದು."

ಮುಂದಿನ ಭಾನುವಾರ ಅವರು ಹೆಂಗಸರ ಸಾಲಿನ ಹಿಂದೆ ಹೋಗಿ ಕುಳಿತರು. ಯಾರೂ ಅವರಿಗೆ ಏನೂ ಹೇಳಬೇಕಾಗಲಿಲ್ಲ. ಯುದ್ಧ ಮುಗಿಯುವ ಮೊದಲೇ ತೀರಿಕೊಂಡರು.

ಅಂದು ಹತ್ತಿರದಿಂದ ಕಂಡವರಲ್ಲಿ ತಿದಿಯವನೂ ಈಗಿಲ್ಲ. ಉಳಿದವಳು ನನ್ನ ತಂಗಿ, ಅರಕಲಗೂಡಿನಲ್ಲಿದ್ದಾಳೆ. ತಾನು ಹಾಡಿ ಅಮ್ಮನ ಮಾನ ಉಳಿಸಿದೆನೆಂದು ಮೊಮ್ಮಕ್ಕಳಿಗೆ ಹೇಳುತ್ತಿರುತ್ತಾಳೆ. ನಾನು ಎದುರಿಗೆ ಕೂತು ಕೇಳುತ್ತೇನೆ. ಅಮ್ಮ ಆಡಿದ ಮಾತನ್ನು ಅವಳಿಗಿನ್ನೂ ತಿಳಿಸಿಲ್ಲ.