ಚಿಲಕ ಅವರ ಕಡೆಗಿತ್ತು

ಕುಣಿಗಲ್‌ನಲ್ಲಿ ನಾವು ಸ್ವಂತ ಮನೆ ಕಟ್ಟಿಸುವಾಗ ಬಡಗಿ ನನ್ನ ಮುಖ ನೋಡಿ, "ಅಲ್ಲ ಅಕ್ಕಾ, ಅಡುಗೆಮನೆ ಬಾಗ್ಲಿಗೂ ಒಳಗಡೆ ಚಿಲಕ ಬೇಕಾ?" ಅಂದ. "ಬೇಕು, ಸುಮ್ನೆ ಹಾಕಪ್ಪ" ಅಂದೆ. ಒಂದು ಬಾಗಿಲಿಗೆ ಮರೆತಿದ್ದರೂ ಅವತ್ತು ಅವನಿಗೆ ನನ್ನ ಕೈಲಿ ಚೆನ್ನಾಗಿ ಮಂಗಳಾರತಿ ಆಗ್ತಿತ್ತು. ನನ್ನ ಗಂಡ ಮೂಲೆಯಲ್ಲಿ ನಿಂತು ನಗುತ್ತಿದ್ದರು. ಈ ಚಿಲಕದ ಹುಚ್ಚು ನನಗೆ ಹತ್ತಿದ್ದು ತುಮಕೂರಿನ ಬಾಡಿಗೆ ಮನೆಯಲ್ಲಿ ಅಂತ ಅವರಿಗೆ ಗೊತ್ತು.

ಅದು ತೊಂಬತ್ತರ ದಶಕ, ಮದುವೆಯಾದ ಹೊಸದು. ಗಂಡನಿಗೆ ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಸಾಯಂಕಾಲವೇ ಬರೋದು. ನಾನು ಗುಬ್ಬಿಯವಳು. ನಮ್ಮ ಮನೆಯಲ್ಲಿ ಹನ್ನೊಂದು ಜನ. ಸೀರೆ ಬದಲಾಯಿಸಬೇಕಾದರೂ ತಂಗಿಯನ್ನ ಬಾಗಿಲಿಗೆ ಕಾವಲು ನಿಲ್ಲಿಸಬೇಕಿತ್ತು. ಹಾಗಾಗಿ ಮದುವೆಯಿಂದ ಸಿಕ್ಕಿದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ಖಾಲಿ ಮಧ್ಯಾಹ್ನ, ಆಮೇಲೆ ಗಂಡ. ಊಟ ಮುಗಿಸಿ, ನೈಟಿ ಹಾಕಿಕೊಂಡು, ಜಡೆ ಬಿಚ್ಚಿ, ಹಿಂದಿನ ರೂಮಿನ ಕೆಂಪು ನೆಲದ ಮೇಲೆ ಅಂಗಾತ ಬಿದ್ದುಕೊಂಡು ರೇಡಿಯೋ ಕೇಳುತ್ತಿದ್ದೆ. ಎರಡರಿಂದ ನಾಲ್ಕು ಗಂಟೆ. ಆ ಹೊತ್ತಿನಲ್ಲಿ ನಾನು ಯಾರ ಮಗಳೂ ಅಲ್ಲ, ಯಾರ ಸೊಸೆಯೂ ಅಲ್ಲ. ಅಷ್ಟು ಸುಖ ನನಗೆ ಒಡವೆ ಹಾಕಿಕೊಂಡಾಗಲೂ ಆಗಿರಲಿಲ್ಲ.

ಆ ಸುಖಕ್ಕೆ ಕಲ್ಲು ಹಾಕಿದವರು ನಮ್ಮ ಓನರು. ರಿಟೈರ್ಡ್ ಓವರ್ಸಿಯರು. ತಾವೇ ಬಿಸಿಲಲ್ಲಿ ನಿಂತು ಕಟ್ಟಿಸಿದ ಮನೆ. ಮುಂದಿನ ಭಾಗದಲ್ಲಿ ಅವರು, ಓನರಮ್ಮ. ಹಿಂದಿನ ಭಾಗ ನಮಗೆ. ಮಧ್ಯೆ ಒಂದು ಬಾಗಿಲು, ಅದರ ಚಿಲಕ ಅವರ ಕಡೆಗೆ. ಯಾರಾದರೂ ಮನೆ ಕಟ್ಟಿಸ್ತೀನಿ ಅಂತ ಬಾಯಿಬಿಟ್ಟರೆ ಸಾಕು, ಈಯಪ್ಪ ಅವರನ್ನ ಕರ್ಕೊಂಡು ಬಂದು ನಮ್ಮ ಅಡುಗೆಮನೆ ಕಟ್ಟೆ ತೋರಿಸಬೇಕು, ಅಟ್ಟ ತೋರಿಸಬೇಕು, ಬಚ್ಚಲಿನ ಇಳಿಜಾರು ತೋರಿಸಬೇಕು. "ಒಂದೇ ನಿಮಿಷ ಕಣಮ್ಮ" ಅನ್ನೋ ಹೊತ್ತಿಗೆ ಒಂದು ಕಾಲು ಒಳಗಿರೋದು. ನಾನು ಟವೆಲ್ ಹುಡುಕಿ ನೈಟಿ ಮೇಲೆ ಹೊದ್ದುಕೊಂಡು ಗೋಡೆಗೆ ಅಂಟಿಕೊಂಡು ನಿಲ್ಲಬೇಕು.

ಗಂಡನಿಗೆ ಹೇಳಿದರೆ, "ಹೋಗ್ಲಿ ಬುಡು, ವಯಸ್ಸಾದವ್ರು. ಅವರ ಮನೆ ಅವರು ತೋರಿಸ್ಕೊತಾರೆ" ಅಂದರು.

"ಮನೆ ಅವರದ್ದು. ನಾನೂ ಅವರ ಮನೆ ಸಾಮಾನಾ?" ಅಂದೆ. ಕರಾರು ಪತ್ರ ತೆಗೆದು ಓದಿದೆ. ಗೋಡೆಗೆ ಮೊಳೆ ಹೊಡೆಯಬಾರದು ಅಂತ ಎರಡು ಕಡೆ ಇತ್ತು. ಅವರು ಹೇಳದೆ ಕೇಳದೆ ನುಗ್ಗಬಾರದು ಅಂತ ಎಲ್ಲೂ ಇರಲಿಲ್ಲ.

ಒಂದು ದಿನ ತಲೆಗೆ ಸೀಗೆಪುಡಿ ಹಾಕಿಕೊಂಡು ಬಚ್ಚಲಲ್ಲಿ ಕೂತಿದ್ದೀನಿ, ಹೊರಗೆ ಗಂಡಸರ ದನಿ. ಕುಣಿಗಲ್ ಕಡೆಯ ನಾಲ್ಕು ಜನಕ್ಕೆ ಓನರು ಬಚ್ಚಲ ಬಾಗಿಲ ಮುಂದೆ ನಿಂತು ಪಾಠ ಮಾಡ್ತಿದ್ದಾರೆ. "ನೋಡಿ, ಒಂದು ಹನಿ ನೀರು ನಿಲ್ಲಲ್ಲ. ಅಮ್ಮಾ, ಒಂದು ಚೊಂಬು ಸುರೀಮ್ಮ, ಇವರು ನೋಡ್ಲಿ." ಸುರಿದೆ. ಇವತ್ತಿಗೂ ಅದನ್ನ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತೆ. ಹೊರಗಿನ ಮೋರಿಯಲ್ಲಿ ನೀರು ಹರಿದು ಹೋಗೋದನ್ನ ಅವರು ಹೊಗಳಿ ಹೊರಡೋವರೆಗೂ ನಾನು ಒಳಗೆ ಕಣ್ಣುರಿಯಲ್ಲಿ ಕೂತಿದ್ದೆ.

ಅದಾದ ವಾರಕ್ಕೆ ಬಾಗಿಲು ಮತ್ತೆ ಕಿರ್ ಅಂತು. ಅವತ್ತು ನಾನು ನಿಜವಾಗಿಯೂ ಮುಟ್ಟಾಗಿದ್ದೆ. ಬೇಸತ್ತು, "ಬರ್ಬೇಡಿ ಸಾರ್, ನಾನು ಹೊರಗಾಗಿದೀನಿ" ಅಂದುಬಿಟ್ಟೆ. ಓನರು ಬಲು ಮಡಿಯ ಮನುಷ್ಯ. ದಿನಾ ಎರಡು ಹೊತ್ತು ಪೂಜೆ. ಒಳಗಿಟ್ಟ ಕಾಲನ್ನ ಕೆಂಡ ತುಳಿದವರ ಹಾಗೆ ಹಿಂದಕ್ಕೆ ಎಳೆದುಕೊಂಡು ಬಾಗಿಲು ಹಾಕಿದರು. ಮೂರು ದಿನ ನಮ್ಮ ಕಡೆ ತಲೆ ಹಾಕಲಿಲ್ಲ.

ನನಗೆ ಆ ಮೂರು ದಿನ ಹಬ್ಬ. ನಾಲ್ಕನೇ ದಿನ ಎದ್ದಾಗ ತಲೆಗೆ ಹೊಳೀತು, ಹೊರಗಾಗಿದೀನೋ ಇಲ್ಲವೋ ಅಂತ ಓನರು ಕೇಳೋ ಹಾಗಂತೂ ಇಲ್ಲ.

ಹತ್ತು ದಿನ ಬಿಟ್ಟು ಇನ್ನೊಂದು ಸಲ ಹೇಳಿದೆ. ಆಮೇಲೆ ಆಸೆ ಜಾಸ್ತಿಯಾಯಿತು. ಬಾಗಿಲು ಕಿರ್ ಅಂದರೆ ಸಾಕು, ಬಾಯಲ್ಲಿ ಅದೇ ಮಾತು. ಒಂದೇ ತಿಂಗಳಲ್ಲಿ ನಾಲ್ಕು ಸಲ ಹೊರಗಾದ ಹೆಂಗಸು ತುಮಕೂರಿನಲ್ಲಿ ನಾನೊಬ್ಬಳೇ ಇರಬೇಕು. ಓನರು ಲೆಕ್ಕ ಇಡಲಿಲ್ಲ. ಓನರಮ್ಮ ಇಟ್ಟಿದ್ದರು. ಹಿತ್ತಲಿನ ಕನಕಾಂಬರ ಕಟ್ಟಿ ದಿನಾ ಸಂಜೆ ನನಗೊಂದು ತುಂಡು ಕೊಡೋರು. ಆ ದಿನಗಳಲ್ಲಿ ನಾನು ಹೂವು ಮುಡಿಯೋ ಹಾಗಿಲ್ಲ, ಸುಳ್ಳು ಹೇಳಿದ ದಿನವೂ ಬೇಡ ಅನ್ನಬೇಕಿತ್ತು. ಹೂವು ಉಳಿದ ದಿನಗಳನ್ನ ಅವರು ಎಣಿಸಿದ್ದರು.

ಒಂದು ಬೆಳಿಗ್ಗೆ ಬಂದು, "ಸೀರೆ ಉಟ್ಕೊಂಡು ಹೊರಡು" ಅಂದರು. ಮುಖ ಕಪ್ಪಿಟ್ಟಿತ್ತು. ಯಾಕೆ, ಎಲ್ಲಿಗೆ ಅಂದರೂ ಬಾಯಿಬಿಡಲಿಲ್ಲ. ಆಟೋ ನಿಂತದ್ದು ಲೇಡಿ ಡಾಕ್ಟರ ಕ್ಲಿನಿಕ್ ಮುಂದೆ. ಬೆಂಚಿನ ಮೇಲೆ ಕೂತ ಮೇಲೆ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು, "ನಮ್ಮಕ್ಕನೂ ಹಿಂಗೇ ರಕ್ತ ಹೋಗ್ತಿದ್ರೂ ಯಾರಿಗೂ ಹೇಳ್ದೆ ಇದ್ದು ಇದ್ದು ಹೊರಟೇಹೋದ್ಲು. ನೀನು ಹಂಗೆ ಮಾಡ್ಬೇಡ ಕಣೇ. ನಾನಿದೀನಿ" ಅಂದರು.

ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ನಮ್ಮ ಮುಂದೆ ಇನ್ನೊಬ್ಬರೇ ಇದ್ದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ಬಚ್ಚಲಿನ ಚೊಂಬಿನಿಂದ ಹಿಡಿದು ಎಲ್ಲಾ ಒಂದೇ ಉಸಿರಲ್ಲಿ ಹೇಳಿಬಿಟ್ಟೆ. ನನಗೆ ಏನೂ ಆಗಿಲ್ಲ, ಎರಡು ಗಂಟೆ ಬಾಗಿಲು ಹಾಕಿಕೊಂಡು ಒಬ್ಬಳೇ ಇರಬೇಕಿತ್ತು, ಅಷ್ಟೇ ಅಂದೆ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಕೂತೆ.

ಓನರಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗೋಕೆ ಶುರು ಮಾಡಿದರು. ಬೆಂಚೇ ಅಲ್ಲಾಡಿತು. "ಅಯ್ಯೋ ಮುಂಡೇದೆ" ಅಂತ ತೊಡೆಗೆ ಒಂದು ಬಾರಿಸಿದರು. ಆಮೇಲೆ ಕಣ್ಣು ಒರೆಸಿಕೊಂಡು, "ನಾನೂ ಮೂರು ದಿನನ ನಾಲ್ಕು ದಿನ ಮಾಡ್ಕೊತಿದ್ದೆ" ಅಂದರು. "ಕಾಫಿ ಕೇಳೋರಿಲ್ಲ, ಕನ್ನಡಕ ಎಲ್ಲಿ ಅನ್ನೋರಿಲ್ಲ. ಹಿಂದಿನ ರೂಮಲ್ಲಿ ಒಬ್ಬಳೇ. ನೀನು ಮಲಗ್ತೀಯಲ್ಲ, ಅದೇ ರೂಮು. ನಂಗೆ ಮುಟ್ಟು ನಿಂತು ಆರು ವರ್ಷ ಆಯ್ತು. ನಿಲ್ತಿದ್ದ ಹಾಗೆ ಇನ್ಯಾತಕ್ಕೆ ಆ ರೂಮು ಅಂತ ಹಿಂಭಾಗನೇ ಬಾಡಿಗೆಗೆ ಕೊಟ್ರು. ಅವತ್ತಿಂದ ಒಂದು ದಿನ ಬಾಗ್ಲು ಹಾಕ್ಕೊಂಡು ಕೂತಿಲ್ಲ ಕಣೇ ನಾನು."

ಅಷ್ಟರಲ್ಲಿ ನರ್ಸು ನಮ್ಮನ್ನ ಕರೆದಳು. ಓನರಮ್ಮ, "ವಾಸಿಯಾಯ್ತಮ್ಮ" ಅಂತ ಎದ್ದು ಹೊರಟೇಬಿಟ್ಟರು. ಇಬ್ಬರೂ ಹೋಟೆಲಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆವು.

ಮಾರನೇ ದಿನವೇ ಅವರು ಒಬ್ಬ ಬಡಗಿಯನ್ನ ಕರೆಸಿ ಆ ಬಾಗಿಲಿಗೆ ನಮ್ಮ ಕಡೆಯಿಂದಲೂ ಒಂದು ಚಿಲಕ ಹಾಕಿಸಿದರು. ಯಾಕೆ ಅಂತ ಓನರು ಕೇಳಿದ್ದಕ್ಕೆ, "ಬೇಕಿತ್ತು" ಅಂದರಂತೆ. ಅದೇ ವಾರ ಒಂದು ಮಧ್ಯಾಹ್ನ ದಿಂಬು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಕಡೆ ಬಂದು, ತಾವೇ ಚಿಲಕ ಹಾಕಿ, ಕೆಂಪು ನೆಲದ ಮೇಲೆ ಮಲಗಿದರು. ನಾನು ಇತ್ತ ಗೋಡೆ ಪಕ್ಕ, ಅವರು ಅತ್ತ ಗೋಡೆ ಪಕ್ಕ. ರೇಡಿಯೋ ಸಣ್ಣಗೆ ಹಾಡುತ್ತಿತ್ತು.

ಬಾಗಿಲು ಬಡಿದ ಸದ್ದಾಯಿತು. "ಒಂದೇ ನಿಮಿಷ ಕಣಮ್ಮ, ಗುಬ್ಬಿಯಿಂದ ಜನ ಬಂದವ್ರೆ, ಅಡುಗೆಮನೆ ನೋಡ್ಬೇಕಂತೆ" ಅಂತ ಓನರ ದನಿ.

ನಾನು ಏಳಲು ಹೋದೆ. ಓನರಮ್ಮ ಕಣ್ಣು ಮುಚ್ಚಿಕೊಂಡೇ ಕೈಸನ್ನೆ ಮಾಡಿ ಮಲಗಿಸಿದರು.

"ಮೊದಲೇ ಹೇಳಿ ಕಳಿಸ್ಬೇಕು ರೀ," ಅಂದರು. "ನಾಳೆ ನಾಲ್ಕರ ಮೇಲೆ ಕರ್ಕೊಂಡು ಬನ್ನಿ."

"ನೀನ್ಯಾಕೆ ಅಲ್ಲಿದೀಯೆ?" ಅಂತ ಓನರು ಆ ಕಡೆಯಿಂದ ಕೇಳಿದರು.

ಓನರಮ್ಮ ಮಗ್ಗುಲು ಬದಲಾಯಿಸಿ, ನೆಲ ತಣ್ಣಗಿರೋ ಕಡೆಗೆ ಸರಿದುಕೊಂಡು ನಿದ್ದೆ ಹೋದರು.