ಹಗುರಕ್ಕನ ಥರ್ಮಾಕೋಲ್ ಹಿಟ್ಟು

ಬೆಳಗಿನ ಐದೂವರೆ. ಫ್ರಿಜ್, ಟಿವಿ ಮಾರುವ ಅಂಗಡಿಗಳ ಹಿಂದಿನ ಓಣಿ ಇನ್ನೂ ಕಣ್ಣು ಬಿಟ್ಟಿಲ್ಲ. ಬೀದಿದೀಪದ ಕೆಳಗೆ ಬಿಳಿಯ ಗುಡ್ಡವೊಂದು ತನ್ನಷ್ಟಕ್ಕೆ ತಾನೇ ನಡೆದು ಬರುತ್ತಿದೆ. ಹತ್ತಿರವಾದಂತೆ ಗುಡ್ಡದ ಬುಡದಲ್ಲಿ ಎರಡು ಪಾದಗಳು ಕಾಣುತ್ತವೆ, ಆಮೇಲೊಂದು ಕೆಮ್ಮು ಕೇಳುತ್ತದೆ. "ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ನಂಗೆ ಮುಂದೇನೂ ಕಾಣಲ್ಲ" ಎನ್ನುತ್ತದೆ ಗುಡ್ಡ.

ಗುಡ್ಡ ಹೊತ್ತವರು ಹಗುರಕ್ಕ. ಹೆತ್ತವರಿಟ್ಟ ಹೆಸರು ಬೇರೆ, ಅದು ಗುರುತಿನ ಚೀಟಿಯಲ್ಲಿ ಸುಖವಾಗಿದೆ. ಆಳು ನೋಡಿದರೆ ಬಾಗಿಲು ತುಂಬುವಂಥವರು, ಹೆಸರಿಗೂ ಮೈಗೂ ತಾಳಮೇಳವಿಲ್ಲ. ಆಳೆತ್ತರದ ಎರಡೆರಡು ಮೂಟೆಗಳನ್ನು ಹೂವಿನಂತೆ ಎತ್ತಿಕೊಂಡು ಹೋಗುವುದನ್ನು ಕಂಡ ಅಂಗಡಿಯವರು ಇಟ್ಟ ಹೆಸರಿದು. ಮೂಟೆಯೊಳಗೆ ಇರುವುದು ಹೊಸ ಸಾಮಾನಿನ ಜೊತೆ ಬಂದು, ಸಾಮಾನು ಮನೆ ಸೇರಿದ ಮೇಲೆ ಯಾರಿಗೂ ಬೇಡವಾಗುವ ಥರ್ಮಾಕೋಲ್.

ಅವರ ಕೆಲಸದ ಕೋಣೆ ಮೊದಲು ಸೈಕಲ್ ರಿಪೇರಿ ಅಂಗಡಿಯಾಗಿತ್ತು. ಒಂದು ಕಿಟಕಿ, ಒಂದು ನಲ್ಲಿ, ಉದ್ದನೆಯ ಮೇಜು. ಚಾವಣಿಯಲ್ಲಿ ಫ್ಯಾನ್ ಇದೆ, ರೆಕ್ಕೆ ಇಲ್ಲ. ಒಮ್ಮೆ ಬಂದ ನೆಂಟರೊಬ್ಬರು ಸೆಕೆ ಎಂದು ಸ್ವಿಚ್ ಒತ್ತಿದ್ದೇ ತಡ, ಹಗುರಕ್ಕ ಮೂರು ದಿನ ಗೋಡೆ, ಗಡಿಯಾರ, ತಲೆಗೂದಲುಗಳಿಂದ ಬಿಳಿ ಕಾಳು ಹೆಕ್ಕಿದರಂತೆ. ನೆಂಟರು ಹೋದ ಕೂಡಲೇ ರೆಕ್ಕೆ ಬಿಚ್ಚಿಟ್ಟರು.

ಮೊಳೆಯಿಂದ ತೂತು ಹೊಡೆದ ತಗಡಿನ ಮೇಲೆ ಅವರು ಥರ್ಮಾಕೋಲ್ ಉಜ್ಜುತ್ತಾರೆ. ಹಾರದಿರಲೆಂದು ನಡುನಡುವೆ ನೀರು ಚಿಮುಕಿಸುತ್ತಾರೆ. ಆದರೂ ಒಂದಿಷ್ಟು ಕಾಳು ತಪ್ಪಿಸಿಕೊಂಡು ಕಿಟಕಿಯ ಬೆಳಕಿನಲ್ಲಿ ಏಳುತ್ತವೆ, ಬೀಳಲು ಮನಸ್ಸಿಲ್ಲದೆ ಅಲ್ಲೇ ಅಡ್ಡಾಡುತ್ತವೆ. ಈ ಕೋಣೆಯಲ್ಲಿ ಯಾರೂ ಬಿರುಸಾಗಿ ತಿರುಗುವುದಿಲ್ಲ, ಜೋರಾಗಿ ಉಸಿರು ಬಿಡುವುದಿಲ್ಲ. ಅವರ ಬಗ್ಗೆ ಬರೆಯಲೆಂದು ಬಂದ ನನ್ನ ದನಿಯೂ ಅರ್ಧ ಗಂಟೆಯಲ್ಲಿ ತಾನಾಗಿ ತಗ್ಗಿದೆ. ನಿದ್ದೆಗೂ ಎಚ್ಚರಕ್ಕೂ ನಡುವೆ ಕುಳಿತಂತಿದೆ, ಏಳಲು ಮನಸ್ಸೇ ಇಲ್ಲ.

ಮೂರು ಬಕೆಟ್ ಕಾಳಿಗೆ ಒಂದು ಬಕೆಟ್ ಕಾಗದದ ತಿರುಳು. ಹಳೆಯ ನೋಟುಬುಕ್ಕುಗಳನ್ನು ಎರಡು ದಿನ ನೆನೆಸಿ ರುಬ್ಬಿದ್ದು. ಮೇಲೆ ಮೈದಾ ಅಂಟು, ಕೆಡದಂತೆ ಚಿಟಿಕೆ ಮೈಲುತುತ್ತ. ನಾದಿ ನಾದಿ ಹದಕ್ಕೆ ಬಂದರೆ ಅದೇ ಹಿಟ್ಟು. ದಿನಕ್ಕೆ ನಾಲ್ಕು ಮೂಟೆ ಕರಗಿ ಹದಿನೈದು ಕಿಲೋ ಹಿಟ್ಟಾಗುತ್ತದೆ. ಶಿಲ್ಪ ಕಲಿಸುವ ಶಾಲೆಗೆ, ಮುಖವಾಡ ಮಾಡುವ ನಾಟಕದವರಿಗೆ, ಬೆರಳಿನಿಂದ ಮುಟ್ಟಿ ಭೂಪಟ ಓದುವ ಅಂಧಮಕ್ಕಳ ಶಾಲೆಗೆ ಹೋಗುತ್ತದೆ. ಒಂದೇ ಒಂದು ಕಾಳೂ ಚರಂಡಿ ಸೇರದಂತೆ ನಲ್ಲಿಯ ಕೆಳಗಿನ ತೂತಿಗೆ ಬಟ್ಟೆ ಕಟ್ಟಿದ್ದಾರೆ. "ಎಲ್ಲಾ ಉದ್ಧಾರ ಮಾಡ್ತೀನಿ ಅಂತಲ್ಲ. ನನ್ನ ಕೈಗೆ ಬಂದಿದ್ದು ನೀರಿಗೆ ಹೋಗಬಾರದು, ಅಷ್ಟೇ."

ಇದೆಲ್ಲ ಶುರುವಾಗಿದ್ದು ಚಂದ್ರನಿಂದ. ಆಗ ಹಗುರಕ್ಕ ಟಿವಿ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದರು. ಅಣ್ಣನ ಮಗಳ ಶಾಲೆಯ ನಾಟಕಕ್ಕೆ ಥರ್ಮಾಕೋಲಿನ ದೊಡ್ಡ ಚಂದ್ರನನ್ನು ಕೆತ್ತಿ, ಹೊಳೆಯಲೆಂದು ಡಬ್ಬಿಯಿಂದ ಬೆಳ್ಳಿ ಬಣ್ಣ ಸಿಂಪಡಿಸಿದರು. ಬಣ್ಣದಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿನ್ನುತ್ತದೆಂದು ಅವರಿಗೇನು ಗೊತ್ತು? "ನನ್ನ ಕಣ್ಣೆದುರೇ ಗ್ರಹಣ ಹಿಡೀತು ಸಾರ್. ಮಗು ಅಳ್ತಾ ನಿಂತಿದೆ, ಚಂದ್ರ ಮುದುರ್ಕೊಂಡು ಒಳಗೆ ಹೋಗ್ತಾ ಇದಾನೆ." ಉಳಿದ ಚೂರಿಗೆ ಕಾಗದ, ಅಂಟು ಮೆತ್ತಿ ರಾತ್ರಿಯೊಳಗೆ ಹೊಸ ಚಂದ್ರ ಮಾಡಿದರು. ಆ ಅಂಟಿಗೆ ಬಿದ್ದ ಪುಡಿ ಮರುದಿನ ಮರದ ಹಾಗೆ ಗಟ್ಟಿಯಾಗಿ ಕುಳಿತಿತ್ತು. ಗೋದಾಮು ಮುಚ್ಚಿದಾಗ ಕೈಹಿಡಿದದ್ದು ಅದೇ ಪುಡಿ. ಹನ್ನೊಂದು ವರ್ಷವಾಯಿತು.

ಊರಿಗೆಲ್ಲ ಹಿಟ್ಟು ಕೊಟ್ಟವರು ತಮಗಾಗಿ ಏನೂ ಮಾಡಿಕೊಂಡಿಲ್ಲವೇ ಎಂದು ಕೇಳುತ್ತೇನೆ. ಹಗುರಕ್ಕ ಮೇಜಿನ ಮೂಲೆಯ ಒದ್ದೆ ಬಟ್ಟೆಯನ್ನು ಮೆಲ್ಲನೆ ಸರಿಸುತ್ತಾರೆ. ಒಳಗೊಂದು ಹೆಂಗಸಿನ ಮುಖ.

"ನಮ್ಮಮ್ಮ. ಆಗ್ತಾ ಇದಾಳೆ."

ತಾಯಿ ತೀರಿಕೊಂಡಾಗ ಇವರಿಗೆ ಒಂಬತ್ತು, ಅಣ್ಣನಿಗೆ ಹದಿನಾರು. ಮನೆಯಲ್ಲಿ ಒಂದೂ ಫೋಟೊ ಇಲ್ಲ. ತಾಯಿಯ ಮುಖ ಈಗ ಉಳಿದಿರುವುದು ಈ ಇಬ್ಬರ ತಲೆಯಲ್ಲಿ ಮಾತ್ರ. ಬಸ್ಸು ಓಡಿಸಿ ನಿವೃತ್ತನಾದ ಅಣ್ಣನಿಗೆ ಇತ್ತೀಚೆಗೆ ತನ್ನ ಹಳೆಯ ರೂಟುಗಳೇ ಮರೆಯುತ್ತಿವೆ. ಆರು ಸಲ ಮುಖ ಮಾಡಿ ಅವನಿಗೆ ತೋರಿಸಿದ್ದಾಯಿತು. ಒಮ್ಮೆ ಗಲ್ಲ ಉದ್ದ ಎಂದ, ಒಮ್ಮೆ ಅದು ಅತ್ತೆಯ ಮೂಗು ಎಂದ. ಆರನೆಯದನ್ನು ನೋಡಿ, "ಯಾರೋ ಪಾಪ ಒಳ್ಳೇ ಹೆಂಗಸು, ಆದ್ರೆ ಅಮ್ಮ ಅಲ್ಲ" ಎಂದನಂತೆ. ಪ್ರತಿ ಸಲವೂ ಮುಖವನ್ನು ಮತ್ತೆ ಮುದ್ದೆ ಮಾಡಿ ಹಿಟ್ಟಿಗೆ ಸೇರಿಸಿದ್ದಾರೆ. "ಅಮ್ಮ ಆರು ಸಲ ಊರಿಗೆ ಹೋಗಿದಾಳೆ. ಯಾವುದೋ ಮುಖವಾಡದಲ್ಲಿ ಅವಳ ಕೆನ್ನೆ ಇರಬಹುದು. ಭೂಪಟದಲ್ಲಿ ಬೆಟ್ಟ ಆಗಿರಬಹುದು." ನಗುತ್ತಲೇ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ.

ಒದ್ದೆ ಬಟ್ಟೆ ಇರುವವರೆಗೆ ಹಿಟ್ಟು ತಿದ್ದಲು ಬಗ್ಗುತ್ತದೆ. ಬಟ್ಟೆ ತೆಗೆದರೆ ಎರಡು ದಿನದಲ್ಲಿ ಕಲ್ಲು. ಈ ಏಳನೆಯ ಮುಖಕ್ಕೆ ಮೂರು ವಾರವಾಗಿ ಹುಳಿ ವಾಸನೆ ಹಿಡಿದಿದೆ. ಇವತ್ತು ಒಣಗಲು ಬಿಡಬೇಕು, ಇಲ್ಲವೇ ಕೆಡಿಸಬೇಕು.

"ನಂಗೆ ಪ್ರಶಸ್ತಿ, ಗಿಶಸ್ತಿ ಏನೂ ಬೇಡ ಸಾರ್. ಅವನು ಪೂರ್ತಿ ಮರೆಯೋದ್ರೊಳಗೆ ಒಂದ್ಸಲ ಹೌದು ಅಂದ್ರೆ ಸಾಕು. ಅವನು ಹೌದು ಅನ್ನದೆ ಇದ್ರೆ ನಾನು ಯಾರನ್ನ ಕೇಳ್ಲಿ?"

ಹತ್ತು ಗಂಟೆಗೆ ಅಣ್ಣ ಬರುತ್ತಾನೆ. ಅರವತ್ತು ದಾಟಿದ, ನೆಟ್ಟಗೆ ನಿಂತ ಮನುಷ್ಯ, ಬೆರಳ ನಡುವೆ ಉರಿಯುವ ಸಿಗರೇಟು. ಥರ್ಮಾಕೋಲಿಗೆ ಬೆಂಕಿ ಆಗದೆಂದು ಗೊತ್ತು, ಹೊಸ್ತಿಲಾಚೆಯೇ ನಿಲ್ಲುತ್ತಾನೆ. "ಏನೇ, ಕಾಫಿ ಆಯ್ತಾ?" ಎನ್ನುತ್ತಾ ಒಳಗೆ ಇಣುಕುತ್ತಾನೆ. ಹಗುರಕ್ಕ ಪಕ್ಕಕ್ಕೆ ಸರಿಯುತ್ತಾರೆ.

ಅವನ ಕಣ್ಣು ಮೇಜಿನ ಮೇಲೆ ನಿಲ್ಲುತ್ತದೆ. ಸಿಗರೇಟು ಹಿಡಿದ ಕೈ, ಹದಿನಾರರ ಹುಡುಗನ ಕೈಯಂತೆ, ಅವನಿಗೇ ಗೊತ್ತಿಲ್ಲದೆ ಮೆಲ್ಲನೆ ಬೆನ್ನ ಹಿಂದಕ್ಕೆ ಹೋಗುತ್ತದೆ.

ಹಗುರಕ್ಕ ಅದನ್ನು ನೋಡುತ್ತಾರೆ. ಒದ್ದೆ ಬಟ್ಟೆಯನ್ನು ಹಿಂಡಿ ಕಿಟಕಿಯ ಸರಳಿಗೆ ಹರವುತ್ತಾರೆ.

"ಇನ್ನು ಒಣಗ್ಲಿ" ಎನ್ನುತ್ತಾರೆ.